ಕಾರೋ, ವಿಮಾನವೋ? ವಾಪಸ್ ಬರುವ ದಿನದಿಂದ ಲೆಕ್ಕ ಹಾಕಿ

ಪ್ರವಾಸದ ಮಾತು ಎದ್ದರೆ ಸಾಕು, ನಮ್ಮ ಮನೆಯಲ್ಲಿ ಎರಡು ಪಕ್ಷ. ನಮ್ಮವರದು ಕಾರಿನ ಪಕ್ಷ: "ಬೆಳಗ್ಗೆ ನಾಲ್ಕಕ್ಕೆ ಬಿಟ್ರೆ ಮಧ್ಯಾಹ್ನ ಊಟಕ್ಕೆ ಅಲ್ಲಿರ್ತೀವಿ." ಒಂಬತ್ತು ವರ್ಷದ ಮಗನದು ವಿಮಾನದ ಪಕ್ಷ, ಬರೀ ಕಿಟಕಿ ಸೀಟಿನ ಆಸೆಗೆ. ಅತ್ತೆ "ನಿಮಗೆ ಹೇಗೆ ಅನುಕೂಲವೋ ಹಾಗೆ ಮಾಡಿ" ಅನ್ನುತ್ತಲೇ ಮಂಡಿ ನೀವಿಕೊಳ್ಳುತ್ತಾರೆ; ಆ ನೀವುವುದೇ ಅವರ ಓಟು. ಮೂರು ವರ್ಷದ ಮಗಳಿಗೆ ಓಟಿಲ್ಲ. ಆದರೆ ತೀರ್ಮಾನ ಮುಕ್ಕಾಲು ಪಾಲು ಅವಳದೇ.

ನಾನು ಲೆಕ್ಕಪತ್ರ ನೋಡುವ ಕೆಲಸದವಳು. ಆ ಚಟ ಮನೆಗೂ ಬಂದಿದೆ. ಪ್ರತಿ ಪ್ರವಾಸ ಮುಗಿದ ಮೇಲೆ ಎಷ್ಟು ಹೊತ್ತಿಗೆ ಹೊರಟೆವು, ಎಲ್ಲಿ ನಿಂತೆವು, ಎಷ್ಟು ಖರ್ಚಾಯಿತು, ಯಾರು ಅತ್ತರು, ಎಲ್ಲ ಒಂದು ಹಳೇ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ. ಅದನ್ನು ತಿರುವಿ ಹಾಕುವಾಗ ಒಂದು ವಿಷಯ ಕಣ್ಣಿಗೆ ಹೊಡೆಯಿತು. ಹೋಗುವ ದಿನದ ಪುಟಗಳಲ್ಲಿ ತಂಟೆ ತಕರಾರು ಇಲ್ಲವೇ ಇಲ್ಲ ಅನ್ನಬಹುದು. ಜಗಳ, ಜ್ವರ, ಪಂಕ್ಚರ್, ತಪ್ಪಿದ ತಿರುವು, ಕಳೆದ ಚಪ್ಪಲಿ, ಇವೆಲ್ಲ ವಾಪಸ್ ಬರುವ ದಿನದ ಪುಟಗಳಲ್ಲೇ ಇವೆ. ನಾವೋ, ಹೋಗುವ ದಿನದ ಹುರುಪಿನಲ್ಲಿ ಕೂತು ಕಾರೋ ವಿಮಾನವೋ ಅಂತ ತೀರ್ಮಾನಿಸುತ್ತೇವೆ. ವಾಪಸ್ ಬರುವ ದಿನ ನಿದ್ದೆ ಬಾಕಿ, ಬ್ಯಾಗು ಭಾರ, ಬಟ್ಟೆಯೆಲ್ಲ ಒದ್ದೆ, ಮರುದಿನ ಬೆಳಗ್ಗೆ ಆಫೀಸು ಶಾಲೆ. ಆ ದಿನಕ್ಕೆ ಯಾವುದು ತಡೆದೀತು ಅಂತ ನೋಡಿದರೆ ಅರ್ಧ ಜಗಳ ತಾನಾಗಿ ಮುಗಿಯುತ್ತದೆ.

ಮೊದಲು ಗಡಿಯಾರ

ವಿಮಾನದ ಟಿಕೆಟ್‌ನಲ್ಲಿ ಬರೆದ ಹೊತ್ತನ್ನೂ ಫೋನಿನ ಮ್ಯಾಪ್ ತೋರಿಸುವ ಹೊತ್ತನ್ನೂ ಎದುರುಬದುರು ಇಡಬೇಡಿ. ಎರಡೂ ಅರ್ಧಸತ್ಯ. ಮನೆಯ ಬೀಗ ಹಾಕಿದ ಹೊತ್ತಿನಿಂದ ತಂಗುವ ಕೋಣೆಯ ಬೀಗ ತೆಗೆದ ಹೊತ್ತಿನವರೆಗೆ ಎಣಿಸಿ.

ನನ್ನ ನೋಟ್‌ಬುಕ್ಕಿನದೇ ಒಂದು ಪುಟ ಹೇಳುತ್ತೇನೆ. ದೂರ 600 ಕಿಲೋಮೀಟರ್. ಟಿಕೆಟ್‌ನಲ್ಲಿ ಇದ್ದದ್ದು 1 ಗಂಟೆ 15 ನಿಮಿಷ. ಮನೆಯಿಂದ ವಿಮಾನ ನಿಲ್ದಾಣಕ್ಕೆ ಒಂದೂವರೆ ಗಂಟೆ, ಎರಡು ಗಂಟೆ ಮುಂಚೆ ಅಲ್ಲಿರಬೇಕು, ಇಳಿದ ಮೇಲೆ ಬ್ಯಾಗಿಗೆ ಕಾದದ್ದು 40 ನಿಮಿಷ, ಅಲ್ಲಿಂದ ಟ್ಯಾಕ್ಸಿಯಲ್ಲಿ 50 ನಿಮಿಷ. ಒಟ್ಟು 6 ಗಂಟೆ 15 ನಿಮಿಷ. ಅಂದರೆ ಹಾರಿದ್ದು ಒಂದೂಕಾಲು ಗಂಟೆ, ಹಾರಲು ತೆತ್ತ ಸುಂಕ 5 ಗಂಟೆ. ದೂರ 300 ಇರಲಿ 1,500 ಇರಲಿ, ಈ 5 ಗಂಟೆ ಕರಗುವುದಿಲ್ಲ.

ಅದೇ ದಾರಿಯಲ್ಲಿ ಕಾರಿನಲ್ಲಿ ಹೋದಾಗ ಮ್ಯಾಪ್ ಹೇಳಿದ್ದು 9 ಗಂಟೆ, ಆದದ್ದು 12 ಗಂಟೆ 10 ನಿಮಿಷ. ಮ್ಯಾಪ್‌ಗೆ ಮಕ್ಕಳಿಲ್ಲ, ಮೂತ್ರ ಬರುವುದಿಲ್ಲ, ಹಸಿವಾಗುವುದಿಲ್ಲ. ನಮಗೆ ಊಟ ತಿಂಡಿಗೆ ಎರಡು ಸಲ, ಶೌಚಕ್ಕೆ ಮೂರು ಸಲ, ಇಂಧನಕ್ಕೆ ಒಂದು ಸಲ, ಮಗ ವಾಂತಿ ಮಾಡಿಕೊಂಡು ಬಟ್ಟೆ ಬದಲಿಸಲು ಒಂದು ಸಲ. ನಿಲುಗಡೆಗಳೆಲ್ಲ ಸೇರಿ ನಮ್ಮ ನಿಜವಾದ ವೇಗ ಗಂಟೆಗೆ 50 ಕಿಲೋಮೀಟರ್ ಮುಟ್ಟಲಿಲ್ಲ. ದಾರಿಯುದ್ದಕ್ಕೂ ಸ್ಪೀಡಾಮೀಟರ್ 90 ತೋರಿಸುತ್ತಲೇ ಇತ್ತು!

ನಿಮ್ಮ ಮನೆಯ ಸಂಖ್ಯೆ ಬೇರೆ ಇರಬಹುದು. ಹಿಂದಿನ ಒಂದು ಪ್ರಯಾಣ ನೆನಪಿಸಿಕೊಂಡು ಒಟ್ಟು ಕಿಲೋಮೀಟರನ್ನು ಒಟ್ಟು ಗಂಟೆಗಳಿಂದ ಭಾಗಿಸಿ. ನನ್ನ 50ರ ಲೆಕ್ಕದಲ್ಲಿ 300 ಕಿಲೋಮೀಟರ್‌ವರೆಗೆ ವಿಮಾನಕ್ಕೆ ಕಾರನ್ನು ಸೋಲಿಸಲು ಆಗುವುದೇ ಇಲ್ಲ, ಎರಡಕ್ಕೂ 6 ಗಂಟೆ. ದಾರಿ ಚೆನ್ನಾಗಿದ್ದು ನಿಮ್ಮ ಸಂಖ್ಯೆ 70 ಇದ್ದರೆ ಆ ಗಡಿ 400 ದಾಟುತ್ತದೆ. ಇನ್ನೊಂದು ತುದಿಯಲ್ಲಿ, ಒಂದೇ ದಿನದಲ್ಲಿ ಮುಗಿಯದೆ ದಾರಿಯಲ್ಲಿ ರಾತ್ರಿ ತಂಗಬೇಕಾಗುವಷ್ಟು ದೂರವಾದರೆ, ಹೋಗಿ ಬರಲು ಸೇರಿ ನಾಲ್ಕು ದಿನ ರಸ್ತೆಗೇ ಹೋಯಿತು. ಐದು ದಿನದ ರಜೆಗೆ ಅದು ಹುಚ್ಚುತನ. ಹದಿನೈದು ದಿನದ ರಜೆಗೆ, ದಾರಿಯಲ್ಲಿ ನೋಡುವಂಥದ್ದಿದ್ದರೆ, ಅದೇ ಪ್ರವಾಸ. ನಿಜವಾದ ತಲೆನೋವು ಇವೆರಡರ ನಡುವಿನ ದೂರದ್ದು. ಅಲ್ಲಿ ಗಡಿಯಾರ ಒಂದೇ ತೀರ್ಮಾನಿಸಲಾರದು.

ದುಡ್ಡು: ಒಂದು ತಲೆ ಎಣಿಸುತ್ತದೆ, ಇನ್ನೊಂದು ಎಣಿಸುವುದಿಲ್ಲ

ಟಿಕೆಟ್ ತಲೆಲೆಕ್ಕ. ಕಾರು ಹಾಗಲ್ಲ, ಒಬ್ಬರು ಕೂತರೂ ಐವರು ಕೂತರೂ ಇಂಧನ ಹೆಚ್ಚೂಕಡಿಮೆ ಅಷ್ಟೇ. ಅದಕ್ಕೇ ನಾವಿಬ್ಬರೇ ಇದ್ದ ಕಾಲದಲ್ಲಿ ಅಗ್ಗವಾಗಿ ಕಂಡ ವಿಮಾನ, ಐವರಾದ ಮೇಲೆ ದುಬಾರಿಯಾಯಿತು.

ಆದರೆ ಕಾರಿನವರು ಲೆಕ್ಕದಲ್ಲಿ ಒಂದು ಸುಳ್ಳು ಹೇಳಿಕೊಳ್ಳುತ್ತಾರೆ, ಬರೀ ಇಂಧನ ಹಿಡಿಯುತ್ತಾರೆ. ಹೋಗಿ ಬರುವ ಕಿಲೋಮೀಟರ್, ಅಲ್ಲಿ ಓಡಾಡುವ ಕಿಲೋಮೀಟರ್, ಎರಡನ್ನೂ ಕೂಡಿಸಿ ಮೈಲೇಜಿನಿಂದ ಭಾಗಿಸಿ, ಇಂಧನದ ದರದಿಂದ ಗುಣಿಸಿ. ಸಾಮಾನು ತುಂಬಿ ಎ.ಸಿ. ಹಾಕಿದ ಕಾರಿನ ಮೈಲೇಜು ಹಿಡಿಯಿರಿ, ಷೋರೂಮಿನಲ್ಲಿ ಹೇಳಿದ್ದನ್ನಲ್ಲ. ಮಾಡಿನ ಮೇಲೆ ಪೆಟ್ಟಿಗೆ ಕಟ್ಟಿದರೆ ಗಾಳಿಯ ತಡೆ ಹೆಚ್ಚಿ ಅದು ಇನ್ನೂ ಇಳಿಯುತ್ತದೆ. ಟೋಲು, ಪಾರ್ಕಿಂಗು, ದಾರಿಯ ಊಟ ಸೇರಿಸಿ. ಆಮೇಲೆ ಟೈರು, ಆಯಿಲ್, ಸರ್ವಿಸ್ ಸವೆತಕ್ಕೆಂದು ನಾನು ಇಂಧನದ ಖರ್ಚಿನ ಅರ್ಧದಷ್ಟನ್ನು ಮತ್ತೆ ಸೇರಿಸುತ್ತೇನೆ. ನಮ್ಮವರು ಇದಕ್ಕೆ ಒಪ್ಪುವುದಿಲ್ಲ. "ಕಾರು ಮನೇಲಿ ನಿಂತ್ರೂ ಸವೆಯುತ್ತೆ" ಅವರ ವಾದ. ಟೈರು ಬದಲಿಸುವ ತಿಂಗಳು ಈ ವಾದ ಕೇಳಿಬರುವುದಿಲ್ಲ.

ವಿಮಾನದವರ ಸುಳ್ಳು ಬೇರೆ. ಟಿಕೆಟ್ಟಿನ ಬೆಲೆ ನೋಡಿ ಹಿಗ್ಗುತ್ತಾರೆ. ಚೆಕ್-ಇನ್ ಬ್ಯಾಗಿನ ದುಡ್ಡು, ಮಕ್ಕಳ ಪಕ್ಕ ಕೂರಲು ಸೀಟು ಆರಿಸುವ ದುಡ್ಡು, ಎರಡೂ ಕಡೆಯ ಟ್ಯಾಕ್ಸಿ, ಎಲ್ಲಕ್ಕಿಂತ ಹೆಚ್ಚಾಗಿ ಇಳಿದ ಊರಿನಲ್ಲಿ ದಿನವೂ ಓಡಾಡುವ ಗಾಡಿ, ಇವನ್ನು ಬರೆಯುವುದೇ ಇಲ್ಲ. ಒಂದೇ ಕಡೆ ಕೂತು ಸುಧಾರಿಸಿಕೊಳ್ಳುವ ಪ್ರವಾಸವಾದರೆ ಗಾಡಿ ಬೇಡ. ದಿನಕ್ಕೊಂದು ಜಾಗ ನೋಡುವ ಆಸೆಯಿದ್ದರೆ ಈ ಒಂದು ಸಾಲೇ ಟಿಕೆಟ್ಟನ್ನು ಮೀರಿಸಬಹುದು.

ಇಲ್ಲೂ ವಾಪಸ್ ದಿನ ನೋಡಿ. ಮಗು 2 ವರ್ಷ ತುಂಬುವವರೆಗೆ ತೊಡೆಯ ಮೇಲೆ ಕೂರಬಹುದು, ತುಂಬಿದ ಮೇಲೆ ಬೇರೆ ಸೀಟು ಬೇಕು. ನನ್ನ ತಂಗಿಯ ಮಗುವಿನ ಹುಟ್ಟುಹಬ್ಬ ಪ್ರವಾಸದ ನಡುವೆ ಬಂತು. ಹೋಗುವಾಗ ತೊಡೆ, ಬರುವಾಗ ಪೂರ್ತಿ ಟಿಕೆಟ್ಟು. ಅದು ಅವಳಿಗೆ ಗೊತ್ತಾದದ್ದು ಕೌಂಟರಿನ ಮುಂದೆ.

ದೇಹಗಳು

ನನ್ನ ಮಟ್ಟಿಗೆ ಇದೇ ತೀರ್ಮಾನದ ಜಾಗ. ಮನೆಯಲ್ಲಿ ಯಾರ ದೇಹ ಮೊದಲು ಸೋಲುತ್ತದೋ ಅವರ ಹೆಸರು ಹಾಳೆಯ ಮೇಲ್ಗಡೆ ಬರೆಯಿರಿ.

ಕಾರಿನಲ್ಲಿ ವಾಕರಿಕೆ ಬರುವ ಮಕ್ಕಳಿದ್ದರೆ ನಿಮಗೆ ಹೇಳಿಕೊಡಬೇಕಾಗಿಲ್ಲ. 2ರಿಂದ 12 ವರ್ಷದವರಿಗೆ ಇದು ಹೆಚ್ಚು. ಕಣ್ಣು ಪುಸ್ತಕವನ್ನೋ ಫೋನನ್ನೋ ನೋಡುತ್ತಾ "ಅಲುಗಾಟವಿಲ್ಲ" ಅನ್ನುತ್ತದೆ, ಒಳಗಿವಿ "ತಿರುಗುತ್ತಿದ್ದೀವಿ" ಅನ್ನುತ್ತದೆ. ಈ ಜಗಳದಲ್ಲಿ ಹೊಟ್ಟೆ ತೊಳಸುತ್ತದೆ. ಫೋನ್ ಕೊಟ್ಟರೆ ಹುಡುಗ ಸುಮ್ಮನಿರುತ್ತಾನೆ ಅಂತ ನಾನೇ ಕೊಟ್ಟು, ಇಪ್ಪತ್ತನೇ ನಿಮಿಷಕ್ಕೆ ಹಿಂದಿನ ಸೀಟು ತೊಳೆದಿದ್ದೇನೆ. ಘಾಟಿಯ ದಾರಿಯಾದರೆ ಫೋನ್ ಒಳಗಿಡಿ, ದೂರದ ಗುಡ್ಡ ನೋಡಲು ಹೇಳಿ, ಹೊಟ್ಟೆ ತೀರ ತುಂಬಿಸಬೇಡಿ, ಖಾಲಿಯೂ ಬಿಡಬೇಡಿ. ಜಿಪ್ ಇರುವ ಪ್ಲಾಸ್ಟಿಕ್ ಚೀಲ ಕೈಗೆ ಸಿಗುವಲ್ಲಿ ಇರಲಿ, ಡಿಕ್ಕಿಯಲ್ಲಲ್ಲ. ಇಂಥ ಮಗುವಿಗೆ 12 ಗಂಟೆಯ ರಸ್ತೆ ಹಾಕುವ ಮುಂಚೆ ಎರಡು ಸಲ ಯೋಚಿಸಿ.

ವಿಮಾನದಲ್ಲಿ ಕಷ್ಟ ಕಿವಿಯದು. ಇಳಿಯುವಾಗ ಕ್ಯಾಬಿನ್ನಿನ ಒತ್ತಡ ಏರುತ್ತದೆ. ಕಿವಿಯ ಒಳಗಿನ ಒತ್ತಡ ಅದಕ್ಕೆ ಸಮವಾಗಬೇಕಾದರೆ ಮೂಗಿನ ಹಿಂಭಾಗಕ್ಕೆ ಸೇರುವ ಸಣ್ಣ ಕೊಳವೆ ತೆರೆಯಬೇಕು. ನುಂಗಿದಾಗ, ಆಕಳಿಸಿದಾಗ ಅದು ತೆರೆಯುತ್ತದೆ. ನೆಗಡಿಯಾಗಿದ್ದರೆ ಕಟ್ಟಿಕೊಂಡು ಜೀವ ಹೋಗುವಂಥ ನೋವು. ಮಗಳಿಗೆ ಹಾಲಿನ ಬಾಟಲಿಯನ್ನು ಹತ್ತಿದ ಕೂಡಲೇ ಕೊಟ್ಟು ಖಾಲಿ ಮಾಡಿಸಿದ್ದು ನನ್ನ ಮೊದಲ ದಡ್ಡತನ. ಬೇಕಾದದ್ದು ಇಳಿಯುವಾಗ. ಚಕ್ರ ನೆಲ ಮುಟ್ಟುವ ಸುಮಾರು ಅರ್ಧ ಗಂಟೆ ಮುಂಚೆ ವಿಮಾನ ಇಳಿಯಲು ತೊಡಗುತ್ತದೆ, ಆಗ ಎಬ್ಬಿಸಿ ಗುಟುಕು ಗುಟುಕಾಗಿ ಕುಡಿಸಿ. ವಾಪಸ್ ಬರುವ ದಿನ, ನೀರಲ್ಲಿ ಆಡಿ ಆಡಿ ಮಗುವಿಗೆ ನೆಗಡಿ ಹಿಡಿದಿರುತ್ತದೆ ಅನ್ನುವುದನ್ನು ಮರೆಯಬೇಡಿ.

ಎಳೆಗೂಸಿದ್ದರೆ ಕಾರು ನಿಧಾನವಾಗುತ್ತದೆ. ಕಾರ್ ಸೀಟಿನಲ್ಲಿ ಒಂದೇ ಸಮ 2 ಗಂಟೆಗಿಂತ ಹೆಚ್ಚು ಮಲಗಿಸಬಾರದು, ತಲೆ ಮುಂದಕ್ಕೆ ಬಾಗಿ ಉಸಿರಿಗೆ ತೊಂದರೆಯಾಗಬಹುದು. "ಪಾಪ, ನಿದ್ದೆ ಮಾಡ್ತಿದೆ, ಓಡಿಸ್ತಾ ಇರೋಣ" ಅನ್ನುವಂತಿಲ್ಲ. ಅಳುತ್ತದೆ ಅಂತ ತೊಡೆಗೆ ತೆಗೆದುಕೊಳ್ಳುವಂತೆಯೂ ಇಲ್ಲ.

ಅತ್ತೆಯ ಮಂಡಿಗೆ ಯಾವುದು ಒಳ್ಳೆಯದು? ನಾನು ವಿಮಾನ ಅಂದುಕೊಂಡಿದ್ದೆ. ಅವರು ಹೇಳಿದ್ದು ಬೇರೆ: "ಕಾರಲ್ಲಿ ಕಾಲು ಹಿಡಿದರೆ ನಿಲ್ಸು ಅನ್ನಬಹುದು. ಅಲ್ಲಿ ಯಾರಿಗೆ ಹೇಳಲಿ?" 4 ಗಂಟೆಗಿಂತ ಹೆಚ್ಚು ಕದಲದೆ ಕೂತರೆ ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟುವ ಅಪಾಯ ಸುಮಾರು ಎರಡು ಪಟ್ಟಾಗುತ್ತದೆ ಅಂತ 2007ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಅಧ್ಯಯನ ಹೇಳಿತು. ಅದು ಬರೀ ವಿಮಾನದ ಮಾತಲ್ಲ, ಕಾರು, ಬಸ್ಸು, ರೈಲಿಗೂ ಅನ್ವಯ. ಒಟ್ಟಾರೆ ಅಪಾಯ ಚಿಕ್ಕದೇ, ಆದರೂ ವಯಸ್ಸಾದವರನ್ನು ಎಬ್ಬಿಸಿ ನಾಲ್ಕು ಹೆಜ್ಜೆ ನಡೆಸಿ. ವಿಮಾನವಾದರೆ ಗಾಲಿಕುರ್ಚಿಯನ್ನು ಟಿಕೆಟ್ ಮಾಡುವಾಗಲೇ ಕೇಳಿ. ಅತ್ತೆ "ನನಗೇನಾಗಿದೆ ಗಾಲಿಕುರ್ಚಿಗೆ" ಅಂತ ಮುನಿಸಿಕೊಂಡರು, ಮೊದಲ ಸಲ ಕೂತ ಮೇಲೆ ಇಳಿಯಲು ಒಪ್ಪಲಿಲ್ಲ. ಹೃದಯ ಅಥವಾ ಶ್ವಾಸಕೋಶದ ತೊಂದರೆ ಇದ್ದವರು ಮಾತ್ರ ವೈದ್ಯರನ್ನು ಕೇಳಿಯೇ ಹತ್ತಬೇಕು. ಹಾರುವಾಗ ಕ್ಯಾಬಿನ್ನಿನ ಗಾಳಿ 6,000ದಿಂದ 8,000 ಅಡಿ ಎತ್ತರದ ಬೆಟ್ಟದ ಮೇಲಿನಷ್ಟು ತೆಳುವಾಗಿರುತ್ತದೆ, ತೇವವೂ ಶೇಕಡ 20ಕ್ಕಿಂತ ಕಡಿಮೆ.

ಮನೆಯಲ್ಲಿ ಬಸುರಿ ಇದ್ದರೆ ಮತ್ತೆ ವಾಪಸ್ ದಿನದ ಲೆಕ್ಕವೇ. ಬಹಳಷ್ಟು ವಿಮಾನ ಸಂಸ್ಥೆಗಳು 28 ವಾರದ ನಂತರ ವೈದ್ಯರ ಪತ್ರ ಕೇಳುತ್ತವೆ, 36 ವಾರದ ನಂತರ ಹತ್ತಿಸುವುದಿಲ್ಲ, ಅವಳಿಯಾದರೆ 32. ಎಣಿಸಬೇಕಾದದ್ದು ಹಿಂದಿರುಗುವ ತಾರೀಖಿನ ವಾರವನ್ನು. ಹಾಗೆಯೇ ಪ್ರವಾಸದಲ್ಲಿ ಸ್ಕೂಬಾ ಡೈವಿಂಗ್ ಮಾಡುವವರು ಕೊನೇ ಮುಳುಗಿನ ನಂತರ 18ರಿಂದ 24 ಗಂಟೆ ವಿಮಾನ ಹತ್ತಬಾರದು, ರಕ್ತದಲ್ಲಿ ಸೇರಿದ ನೈಟ್ರೋಜನ್ ಗುಳ್ಳೆಗಟ್ಟುತ್ತದೆ. ಕೊನೆಯ ದಿನಕ್ಕೆ ಡೈವಿಂಗ್ ಇಟ್ಟುಕೊಳ್ಳಬೇಡಿ.

ಓಡಿಸುವವರನ್ನು ಯಾರೂ ಎಣಿಸುವುದಿಲ್ಲ

ಎರಡು ವರ್ಷದ ಹಿಂದಿನ ಮಾತು. ವಾಪಸ್ ಬರುವ ದಿನ. ಐದಕ್ಕೆ ಎದ್ದು ಸಾಮಾನು ಕಟ್ಟಿ, ಮಗಳನ್ನು ಸ್ನಾನ ಮಾಡಿಸಿ, ಹೊರಡುವಾಗ ಒಂಬತ್ತು. ಮಧ್ಯಾಹ್ನ ಊಟವಾಗಿ ಮೂರು ಗಂಟೆ ಕಳೆದಿತ್ತು. ಹಿಂದೆ ಮೂವರೂ ನಿದ್ದೆ. ನಮ್ಮವರು ಕಿಟಕಿ ಅರ್ಧ ಇಳಿಸಿದರು, ಹಾಡಿನ ಸದ್ದು ಏರಿಸಿದರು. "ಆ ಸೇತುವೆ ದಾಟಿದ್ವಾ?" ಅಂದರು. ದಾಟಿದ್ವಿ ಅಂದೆ. ಐದು ನಿಮಿಷಕ್ಕೆ ಮತ್ತೆ "ಸೇತುವೆ ದಾಟಿದ್ವಾ?" ತಿರುಗಿ ನೋಡುವಷ್ಟರಲ್ಲಿ ಎಡ ಚಕ್ರ ರಸ್ತೆಯಂಚಿನ ಬಿಳಿಗೆರೆಯ ಉಬ್ಬಿನ ಮೇಲೆ ಗರ್ರ್ ಅಂತು. ಅವರ ಕಣ್ಣು ತೆರೆದೇ ಇತ್ತು. ಆದರೆ ನೋಡುತ್ತಿರಲಿಲ್ಲ.

ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ 4 ಸೆಕೆಂಡ್ ಜೊಂಪು ಹತ್ತಿದರೆ ಕಾರು 111 ಮೀಟರ್ ತಾನಾಗಿ ಓಡಿರುತ್ತದೆ. ನಸುಕಿನ 2ರಿಂದ 6 ಮತ್ತು ಮಧ್ಯಾಹ್ನ 2ರಿಂದ 4, ಇವು ದೇಹ ತಾನಾಗಿ ಮಂಕಾಗುವ ಹೊತ್ತು. 17ರಿಂದ 19 ಗಂಟೆ ಎಚ್ಚರವಿದ್ದವರ ಪ್ರತಿಕ್ರಿಯೆ, ರಕ್ತದಲ್ಲಿ ಶೇಕಡ 0.05ರಷ್ಟು ಮದ್ಯ ಇರುವವರಷ್ಟೇ ಅಥವಾ ಅದಕ್ಕಿಂತ ನಿಧಾನ ಅಂತ 2000ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿದೆ. ಬೆಳಗ್ಗೆ ಐದಕ್ಕೆ ಎದ್ದವರು ರಾತ್ರಿ ಹತ್ತಕ್ಕೆ ಇನ್ನೂ ಓಡಿಸುತ್ತಿದ್ದರೆ ಅದೇ 17 ಗಂಟೆ. ಕುಡಿಯದೆಯೇ ಕುಡಿದಂತೆ.

ಹಾಡು, ಕಿಟಕಿ, ಚೂಯಿಂಗ್ ಗಮ್ ಯಾವುದೂ ನಿದ್ದೆ ಓಡಿಸುವುದಿಲ್ಲ. ನಿಲ್ಲಿಸಿ ಒಂದು ಲೋಟ ಕಾಫಿ ಕುಡಿದು 20 ನಿಮಿಷ ಮಲಗುವುದು ಕೆಲಸ ಮಾಡುತ್ತದೆ, ಅದೂ ಸ್ವಲ್ಪ ಹೊತ್ತಿಗೆ. ಆ ದಿನದಿಂದ ನಮ್ಮ ಮನೆಯ ಕಟ್ಟಳೆ ಇದು: ಓಡಿಸುವವರು ಒಬ್ಬರೇ ಇದ್ದರೆ ದಿನಕ್ಕೆ 8 ಗಂಟೆಯ ಮೇಲೆ ರಸ್ತೆಯಿಲ್ಲ, 2 ಗಂಟೆಗೊಮ್ಮೆ ಇಳಿಯಲೇಬೇಕು, ಕತ್ತಲಾದ ಮೇಲೆ ಹೊಸ ದಾರಿಯಿಲ್ಲ. ಈಗ ನಾನೂ ಹೆದ್ದಾರಿಯಲ್ಲಿ ಓಡಿಸುತ್ತೇನೆ. ಕಲಿತದ್ದು ಆಸೆಯಿಂದಲ್ಲ, ಭಯದಿಂದ. ವಾಪಸ್ ಬರುವ ದಿನ ಈ ಕಟ್ಟಳೆಗೆ ಹೊಂದುವುದಿಲ್ಲ ಅಂತಾದರೆ ಕಾರು ಬೇಡ. ದುಡ್ಡಿನ ಲೆಕ್ಕ ಏನೇ ಹೇಳಲಿ.

ವಿಮಾನ ಕೈಕೊಟ್ಟ ದಿನ

ಕಾರಿನ ಮೇಲೆ ಇಷ್ಟು ದೂರು ಹೇಳಿದ ಮೇಲೆ ಇದನ್ನೂ ಹೇಳಬೇಕು. ಒಮ್ಮೆ ವಾಪಸ್ಸಿಗೆ ರಾತ್ರಿಯ ಕೊನೇ ವಿಮಾನ ಹಿಡಿದೆವು, "ಪೂರ್ತಿ ದಿನ ಸಿಗುತ್ತೆ" ಅನ್ನುವ ದುರಾಸೆಗೆ. ನಾಲ್ಕು ಗಂಟೆ ತಡ. ಮಗಳು ಬ್ಯಾಗಿನ ಮೇಲೆ ಮಲಗಿದಳು, ಮಗ ನೆಲದ ಟೈಲ್ಸ್ ಎಣಿಸಿದ, ನಾವು ಮನೆ ಮುಟ್ಟಿದ್ದು ನಸುಕಿನ ಮೂರೂವರೆಗೆ. ಒಂದೇ ವಿಮಾನ ದಿನವಿಡೀ ಅಲ್ಲಿಂದಿಲ್ಲಿಗೆ ಓಡಾಡುವುದರಿಂದ ಬೆಳಗಿನ ತಡ ಸಂಜೆಗೆ ಗುಡ್ಡೆಯಾಗುತ್ತದೆ. ಬೆಳಗಿನ ವಿಮಾನ ಹಿಡಿಯಿರಿ, ಆಫೀಸು ಸೋಮವಾರವಾದರೆ ಶನಿವಾರ ಬನ್ನಿ. ನಡುವೆ ವಿಮಾನ ಬದಲಿಸಬೇಕಿದ್ದರೆ ಎರಡನ್ನೂ ಒಂದೇ ಟಿಕೆಟ್ಟಿನಲ್ಲಿ ಮಾಡಿಸಿ. ಬೇರೆ ಬೇರೆ ಕೊಂಡು, ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೆ ಸಾಮಾನ್ಯವಾಗಿ ಯಾರೂ ಹೊಣೆಯಲ್ಲ.

ಅದೇ ಸಲ ನಮ್ಮ ಹೆಸರು ಕೂಗಿ ಬ್ಯಾಗು ತೆರೆಸಿದರು. ಪವರ್ ಬ್ಯಾಂಕ್ ಚೆಕ್-ಇನ್ ಬ್ಯಾಗಿಗೆ ಹೋಗಿತ್ತು. ಅದು ಕೈಚೀಲದಲ್ಲೇ ಇರಬೇಕು, 100 ವ್ಯಾಟ್-ಅವರ್ ಒಳಗೆ. 20,000 ಎಂಎಎಚ್‌ನದು ಸುಮಾರು 74, ತೊಂದರೆಯಿಲ್ಲ. ಅಂತಾರಾಷ್ಟ್ರೀಯ ಪ್ರಯಾಣದಲ್ಲಿ ಕೈಚೀಲದ ದ್ರವ 100 ಮಿಲಿಲೀಟರ್ ಮೀರಬಾರದು ಅನ್ನುವ ಕಟ್ಟು 2006ರಿಂದ ಬಹಳ ಕಡೆ ಇದೆ, ಮಗುವಿನ ಹಾಲಿಗೆ ಸಾಮಾನ್ಯವಾಗಿ ವಿನಾಯಿತಿ.

ಸಾಮಾನು ಅಂದಾಗ ನೆನಪಾಯಿತು, ಕಾರಿನ ದೊಡ್ಡ ಸುಖ ಅದೇ. ಮಡಚುವ ಕುರ್ಚಿ, ಮಗಳ ದಿಂಬು, ಅತ್ತೆಯ ಬಿಸಿನೀರಿನ ಫ್ಲಾಸ್ಕು ಯಾರನ್ನೂ ಕೇಳದೆ ಬರುತ್ತವೆ. ಡಿಕ್ಕಿಯನ್ನು ಹೋಗುವಾಗ ಕಾಲುಭಾಗ ಖಾಲಿ ಬಿಡಿ. ಬ್ಯಾಗುಗಳು ಪ್ರವಾಸದಲ್ಲಿ ಮರಿ ಹಾಕುತ್ತವೆ.

ವಿದ್ಯುತ್ ಕಾರಿನವರಿಗೆ ಒಂದು ಮಾತು: ಹೆದ್ದಾರಿಯ ವೇಗದಲ್ಲಿ, ಚಳಿಯಲ್ಲಿ ರೇಂಜ್ ಇಳಿಯುತ್ತದೆ, ವೇಗದ ಚಾರ್ಜಿಂಗ್ ಶೇಕಡ 80ರ ನಂತರ ಕುಂಟುತ್ತದೆ. ರಜೆಯ ಕೊನೇ ದಿನ ಸಂಜೆ ಚಾರ್ಜರ್ ಮುಂದೆ ನಿಮ್ಮ ಹಾಗೆಯೇ ವಾಪಸ್ ಹೊರಟವರ ಸಾಲು ಇರುತ್ತದೆ. ಆ ಕಾಯುವಿಕೆಯನ್ನೂ ಗಡಿಯಾರದ ಲೆಕ್ಕಕ್ಕೆ ಸೇರಿಸಿ.

ಎರಡೂ ಅಲ್ಲದ ದಾರಿ

ಕಾರು ಅಥವಾ ವಿಮಾನ ಅಂತ ಪಟ್ಟು ಹಿಡಿಯಬೇಕಿಲ್ಲ. ಹಾರಿ ಹೋಗಿ ಅಲ್ಲಿ ಕಾರು ಬಾಡಿಗೆಗೆ ಹಿಡಿಯಬಹುದು. ಮಗುವಿನ ಸೀಟು ಇದೆಯೇ ಅಂತ ಮುಂಚೆಯೇ ಕೇಳಿ. ಹೋಗುವಾಗ ನೋಡುತ್ತಾ ಬಾಡಿಗೆ ಕಾರಿನಲ್ಲಿ ಹೋಗಿ, ಅದನ್ನು ಅಲ್ಲೇ ಬಿಟ್ಟು, ದಣಿದ ವಾಪಸ್ ದಾರಿಯನ್ನು ಹಾರಿ ಮುಗಿಸಬಹುದು. ಬೇರೆ ಊರಿನಲ್ಲಿ ಬಿಡುವುದಕ್ಕೆ ಬಾಡಿಗೆಯವರು ಹೆಚ್ಚುವರಿ ಹಾಕುತ್ತಾರೆ. ಹೋಗಿಬರುವ ಟಿಕೆಟ್ ಕೊಂಡು "ಹೋಗೋದು ಬಿಟ್ಟು ಬರೋದಕ್ಕೆ ಮಾತ್ರ ಹತ್ತೋಣ" ಅನ್ನುವ ಉಪಾಯ ಬೇಡ. ಮೊದಲ ಹಾರಾಟಕ್ಕೆ ಹತ್ತದಿದ್ದರೆ ಉಳಿದದ್ದನ್ನೂ ಬಹುತೇಕ ಕಡೆ ರದ್ದು ಮಾಡುತ್ತಾರೆ.

ನಾವು ಕಳೆದ ಸಲ ಮಾಡಿದ್ದು ಇನ್ನೊಂದು. ಅತ್ತೆ, ನಾನು, ಮಗಳು ವಿಮಾನ. ಅಪ್ಪ ಮಗ ಸಾಮಾನಿನ ಜೊತೆ ಕಾರು, ಒಂದು ರಾತ್ರಿ ದಾರಿಯಲ್ಲಿ ತಂಗಿ. ಮಗ ಮುಂದಿನ ಸೀಟಿನಲ್ಲಿ ಕೂತಿದ್ದರಿಂದ ದಾರಿ ಕಾಣುತ್ತಿತ್ತು, ವಾಂತಿಯಿಲ್ಲ. ಕಿಟಕಿ ಸೀಟು ತಪ್ಪಿದ ಸಿಟ್ಟು ಮಾತ್ರ ಎರಡು ದಿನ ಇತ್ತು. ಖರ್ಚು ಎಲ್ಲಕ್ಕಿಂತ ಹೆಚ್ಚಾಯಿತು ಅನ್ನುವುದನ್ನು ಲೆಕ್ಕದವಳಾಗಿ ಮುಚ್ಚಿಡಲಾರೆ.

ಈ ಸಲದ ದೂರ 450. ಮೇಲಿನದನ್ನೆಲ್ಲ ಬರೆದು ಕೂಡಿ ಕಳೆದಾಗ ಕಾರು ಗೆದ್ದಿತು, ಆದರೆ ಒಂದು ಷರತ್ತಿನ ಮೇಲೆ: ಬರುವಾಗ ಬೆಳಗ್ಗೆ ಆರಾಮಾಗಿ ಎದ್ದು ಹೊರಟು, ನಡುದಾರಿಯಲ್ಲಿ ತಂಗಿ, ಮರುದಿನ ಮಧ್ಯಾಹ್ನದೊಳಗೆ ಮನೆ. ಒಂದು ರಜೆ ಹೆಚ್ಚು ಹೋಯಿತು. ಹೊರಡುವ ಹಿಂದಿನ ದಿನ, ಟೈರು ತಣ್ಣಗಿರುವಾಗಲೇ ಗಾಳಿ ನೋಡಿಸಬೇಕು, ಸ್ಟೆಪ್ನಿಗೂ.

ತೀರ್ಮಾನ ಆದ ಮೇಲೆ ಇನ್ನೊಂದರ ಬೆಲೆ ನೋಡಬೇಡಿ. ಕೋಣೆ ಕಾದಿರಿಸಿ ಮೂರು ದಿನವಾಯಿತು, ನಮ್ಮ ಮಗ ಈಗಲೂ ಅಪ್ಪನ ಫೋನಿನಲ್ಲಿ ಟಿಕೆಟ್ ದರ ಹುಡುಕುತ್ತಿದ್ದಾನೆ. ನಿನ್ನೆ ಸಂಜೆ "ಅಮ್ಮಾ, ಕಮ್ಮಿಯಾಗಿದೆ!" ಅಂತ ಓಡಿ ಬಂದ. ನಾನು ನೋಟ್‌ಬುಕ್ ಮುಚ್ಚಿಟ್ಟೆ.